ಹೆಬ್ಬಾಳದ ಪ್ರಯೋಗಾಲಯವೂ ನಮ್ಮ ಕೊಟ್ಟಿಗೆಯೂ
(ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಲಸಿಕೆ ತಂಡ ಊರಿಗೆ ಬಂದ ದಿನ ಕೆಲವರು ರಾಸುಗಳನ್ನು ಹೊಲದ ಕಡೆ ಹೊಡೆದುಬಿಡುತ್ತಾರೆ. ಚುಚ್ಚಿಸಿದರೆ ಹಾಲು ಇಳಿಯುತ್ತದೆಂಬ ಭಯ. ಎರಡು ಮೂರು ದಿನ ಸ್ವಲ್ಪ ಇಳಿಯುವುದುಂಟು, ನಿಜ. ಆದರೆ ಕಾಲುಬಾಯಿ ಜ್ವರ ತಗುಲಿದ ಮಿಶ್ರತಳಿ ಹಸು ಆ ಸೂಲಿನಲ್ಲಿ ಮತ್ತೆ ಮೊದಲಿನಷ್ಟು ಹಾಲು ಕೊಡದೇ ಹೋಗಬಹುದು. ಯಾವ ನಷ್ಟ ದೊಡ್ಡದು, ನೀವೇ ಲೆಕ್ಕ ಹಾಕಿ.

ಈ ಲಸಿಕೆಯ ಹಿಂದಿನ ದುಡಿಮೆ ನಮಗೆ ದೂರದ್ದಲ್ಲ. ಹೆಬ್ಬಾಳದಲ್ಲಿ 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಸೀರಂ ಸಂಸ್ಥೆ ಆರಂಭವಾಯಿತು. ಅದೇ ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಅಲ್ಲಿಯೇ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಹೆಬ್ಬಾಳ ಕೇಂದ್ರದಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ಸಂಶೋಧನೆ ನಡೆಯುತ್ತದೆ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ 'ನಿವೇದಿ' ಸಂಸ್ಥೆ ಯಾವ ರೋಗ ಎಲ್ಲಿ, ಯಾವಾಗ ಬರಬಹುದೆಂದು ಲೆಕ್ಕವಿಡುತ್ತದೆ.

ಆದರೆ ಕಟ್ಟಡಗಳಿಂದಲೇ ವಿಜ್ಞಾನ ಬೆಳೆಯುವುದಿಲ್ಲ. ಪಶುರೋಗ ಮತ್ತು ರೋಗನಿರೋಧ ಶಕ್ತಿಯ ಅಧ್ಯಯನ ಮಾಡುವವರಿಗೂ ಸಂಘಗಳಿವೆ. ನಮ್ಮ ಹಾಲಿನ ಸಂಘದಲ್ಲಿ ಪ್ರತಿಯೊಬ್ಬರ ಹಾಲನ್ನೂ ಎದುರಿಗೇ ಅಳೆದು, ಡಿಗ್ರಿ ಮತ್ತು ಫ್ಯಾಟ್ ನೋಡಿ ಬರೆದುಕೊಳ್ಳುವುದಿಲ್ಲವೇ? ಅವರ ಸಂಘದಲ್ಲೂ ಹಾಗೆಯೇ. ಒಬ್ಬರ ಫಲಿತಾಂಶವನ್ನು ಇತರರು ಒರೆಗೆ ಹಚ್ಚುತ್ತಾರೆ. ಕಿರಿಯರು ಹಿರಿಯರೆದುರು ಪ್ರಬಂಧ ಮಂಡಿಸುತ್ತಾರೆ. ತಾಲ್ಲೂಕಿನ ವೈದ್ಯರು ಕಂಡ ರೋಗಲಕ್ಷಣ ಪ್ರಯೋಗಾಲಯದವರ ಕಿವಿಗೆ ಬೀಳುತ್ತದೆ.

ಇದು ಏಕೆ ಮುಖ್ಯ? ಲಸಿಕೆಯೆಂದರೆ ರಾಸಿನ ಮೈಗೆ ಶತ್ರುವಿನ ಗುರುತು ಕಲಿಸಿಕೊಡುವುದು. ನಮ್ಮ ದೇಶದಲ್ಲಿ ಕಾಲುಬಾಯಿ ಜ್ವರದ ವೈರಸ್ ಓ, ಎ, ಏಷ್ಯಾ-1 ಎಂದು ಮೂರು ಬಗೆ. ಒಂದರ ಗುರುತು ಇನ್ನೊಂದಕ್ಕೆ ನಡೆಯದು. ವೈರಸ್ ವೇಷ ಬದಲಿಸಿದರೆ ಲಸಿಕೆಯೂ ಬದಲಾಗಬೇಕು. ಅದು ತಿಳಿಯುವುದು ರೋಗ ಬಂದ ಕೊಟ್ಟಿಗೆಯಿಂದ ಮಾದರಿ ಹೋದರೆ ಮಾತ್ರ. ಲಸಿಕೆ ಹಿಡಿದಿದೆಯೇ ಎಂಬುದು ಗೊತ್ತಾಗುವುದು ರಕ್ತದ ಸೀರಂ ಪರೀಕ್ಷೆಯಿಂದ.

ಕೂಡಿ ದುಡಿದರೆ ಏನಾಗುತ್ತದೆಂಬುದಕ್ಕೆ ದೊಡ್ಡರೋಗವೇ ಸಾಕ್ಷಿ. ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಆ ರೋಗದಿಂದ ಭಾರತ 2006ರಲ್ಲಿ ಮುಕ್ತವಾಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು. ಕಾಲುಬಾಯಿ ಜ್ವರಕ್ಕೂ ಕಂದು ರೋಗಕ್ಕೂ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ.

ಇನ್ನು ನಮ್ಮ ಪಾಲಿನ ಕೆಲಸ:

1. ನಾಲ್ಕು ತಿಂಗಳು ತುಂಬಿದ ಕರುವಿಗೆ ಕಾಲುಬಾಯಿ ಲಸಿಕೆ, ತಿಂಗಳ ನಂತರ ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಿ.

2. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುವಿಗೆ ಕಂದು ರೋಗದ ಲಸಿಕೆ ಒಮ್ಮೆ ಹಾಕಿಸಿ. ಗಬ್ಬದ ಹಸುವಿಗೆ ಬೇಡ. ಕಂದು ಹಾಕಿದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಈ ರೋಗ ಮನುಷ್ಯರಿಗೂ ಅಂಟುತ್ತದೆ.

3. ಬಾಯಲ್ಲಿ ಜೊಲ್ಲು, ಗೊರಸಿನಲ್ಲಿ ಹುಣ್ಣು ಕಂಡರೆ ಮುಚ್ಚಿಡಬೇಡಿ. ಆ ರಾಸನ್ನು ಬೇರೆ ಕಟ್ಟಿ. ಸಂತೆಗೆ ಹೊಡೆಯಬೇಡಿ. ಸಂಘದ ಕಾರ್ಯದರ್ಶಿಗೂ ವೈದ್ಯರಿಗೂ ಅಂದೇ ತಿಳಿಸಿ.

4. ರಕ್ತದ ಮಾದರಿ ಕೇಳಿದರೆ ಕೊಡಿ. ಅದರಿಂದ ಹಸುವಿಗೆ ಯಾವ ತೊಂದರೆಯೂ ಇಲ್ಲ.

ಊರಿನಲ್ಲಿ ನಾಲ್ಕು ಕೊಟ್ಟಿಗೆ ಬಿಟ್ಟುಹೋದರೆ ರೋಗಕ್ಕೆ ಅಷ್ಟು ಸಾಕು. ವಿಜ್ಞಾನಿಗಳ ಸಂಘ ಮತ್ತು ನಮ್ಮ ಸಂಘ ಒಂದೇ ನೊಗದ ಎರಡು ಎತ್ತುಗಳು. ಒಂದು ನಿಂತರೆ ಗಾಡಿ ಸಾಗದು. ಮುಂದಿನ ಸುತ್ತಿನ ಲಸಿಕೆಗೆ ಒಂದು ರಾಸೂ ತಪ್ಪದಂತೆ ನೋಡಿಕೊಳ್ಳಿರೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.