ಸಣ್ಣ ಧರ್ಮನಿಧಿಗಳ ಸಹಕಾರ
(ವಿದ್ಯಾಭಿಮಾನಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ದೊಡ್ಡ ಧನಿಕನು ದೊಡ್ಡ ಧರ್ಮವನ್ನು ಮಾಡುವುದು ಆಶ್ಚರ್ಯದ ಸಂಗತಿಯಲ್ಲ. ಕೋಟಿಗಟ್ಟಲೆ ಮೂಲಧನವೂ ನೂರಾರು ನೌಕರರೂ ಇದ್ದಲ್ಲಿ ಕಾರ್ಯವು ತಾನಾಗಿಯೇ ಸಾಗುವಂತೆ ಕಾಣುತ್ತದೆ. ನಾನು ಇಂದು ಹೇಳಹೊರಟಿರುವುದು ಅಂಥವುಗಳ ಕಥೆಯನ್ನಲ್ಲ. ಒಬ್ಬ ಕಾರ್ಯದರ್ಶಿ, ಒಬ್ಬ ಗುಮಾಸ್ತ, ಲೆಕ್ಕಪತ್ರಗಳ ಒಂದು ಕಪಾಟು, ಎಂದೋ ಒಮ್ಮೆ ಕೂಡುವ ವಿಶ್ವಸ್ತರ ಮಂಡಳಿ - ಇಷ್ಟೇ ಸಂಸಾರವುಳ್ಳ ಸಣ್ಣ ನಿಧಿಗಳು ಒಂದಕ್ಕೊಂದು ಹೆಗಲು ಕೊಟ್ಟು ತಮ್ಮ ಶಕ್ತಿಗೆ ಮೀರಿದ ಕೆಲಸವನ್ನು ಹೇಗೆ ಸಾಧಿಸಿದವೆಂಬುದು ನನ್ನ ವಿಷಯವು. ಅದಕ್ಕಾಗಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಹಳ್ಳಿಶಾಲೆಗಳ ವೃತ್ತಾಂತವನ್ನು ಆರಿಸಿಕೊಂಡಿದ್ದೇನೆ. ಆ ವೃತ್ತಾಂತದ ಲೆಕ್ಕಗಳು ಉಳಿದು ಬಂದಿವೆ. ಸಹಕಾರದ ಗುಣದಷ್ಟೇ ಅದರ ದೋಷವೂ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಆ ದೇಶದಲ್ಲಿ ದಾಸ್ಯವು 1865ರಲ್ಲಿ ರದ್ದಾಯಿತು. ಅದಕ್ಕೆ ಮುಂಚೆ ದಕ್ಷಿಣದ ಅನೇಕ ಸಂಸ್ಥಾನಗಳಲ್ಲಿ ದಾಸರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಬಿಡುಗಡೆಯಾದ ಕೃಷ್ಣವರ್ಣದ ಜನರಿಗೆ ವಿದ್ಯೆಯ ಹಸಿವು ವಿಶೇಷ. ಸರಕಾರದ ಬೊಕ್ಕಸವಾದರೋ ಬಿಳಿಯರ ಕೈಯಲ್ಲಿ. ಅವರ ಮಕ್ಕಳ ಶಾಲೆಗಳು ಚರ್ಚುಗಳ ಮೂಲೆಗಳಲ್ಲಿಯೂ ಹಾಳು ಗುಡಿಸಲುಗಳಲ್ಲಿಯೂ ವರ್ಷದಲ್ಲಿ ಕೆಲವೇ ತಿಂಗಳು ನಡೆಯುತ್ತಿದ್ದವು.

ಈ ಸ್ಥಿತಿಯನ್ನು ಕಂಡು ಉತ್ತರದ ಕೆಲವು ಉದಾರಿಗಳು ಬೇರೆ ಬೇರೆ ಕಾಲದಲ್ಲಿ ನಿಧಿಗಳನ್ನು ಸ್ಥಾಪಿಸಿದರು. ಜಾರ್ಜ್ ಪೀಬಾಡಿ ಎಂಬ ಸಾಹುಕಾರರದು 1867ರಲ್ಲಿ. ಇದು ಬಿಳಿಯರ ಶಾಲೆಗಳಿಗೂ ನೆರವಾಗುತ್ತಿದ್ದಿತು. ಬಟ್ಟೆಯ ಗಿರಣಿಗಳ ಒಡೆಯರಾದ ಜಾನ್ ಸ್ಲೇಟರ್ ಅವರದು 1882ರಲ್ಲಿ. ಫಿಲಡೆಲ್ಫಿಯಾದ ಅನ್ನಾ ಜೀನ್ಸ್ ಎಂಬ ಕ್ವೇಕರ್ ಪಂಥದ ವೃದ್ಧ ಮಹಿಳೆಯು 1907ರಲ್ಲಿ, ತಾನು ಕಣ್ಣು ಮುಚ್ಚುವ ವರ್ಷವೇ, ಹಳ್ಳಿಯ ಶಾಲೆಗಳಿಗೆಂದೇ 10 ಲಕ್ಷ ಡಾಲರುಗಳನ್ನು ಎತ್ತಿಟ್ಟರು. ಸ್ಲೇಟರ್ ಅವರು ಕೊಟ್ಟದ್ದೂ 10 ಲಕ್ಷವೇ. ಇದು ಬಹಳವೆಂದು ನಿಮಗೆ ತೋರಬಹುದು. ಆದರೆ ಮೂಲಧನವನ್ನು ಮುಟ್ಟದೆ ಬಡ್ಡಿಯಲ್ಲಿಯೇ ಸಾಗಬೇಕಾದ ನಿಧಿಗೆ ನೂರಕ್ಕೆ ಐದರಂತೆ ಎಣಿಸಿದರೆ ವರ್ಷಕ್ಕೆ ಬರುವುದು 50 ಸಾವಿರ. ಅದನ್ನು ಹದಿನೈದು ಸಂಸ್ಥಾನಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 3 ಸಾವಿರ ಚಿಲ್ಲರೆ. ಸಮುದ್ರಕ್ಕೆ ಬಿಂದಿಗೆಯಿಂದ ನೀರು ಹೊತ್ತಂತೆ!

ಇಂಥ ನಿಧಿಗಳು ಒಂದರ ವಿಷಯ ಇನ್ನೊಂದಕ್ಕೆ ತಿಳಿಯದೆ ಹಣವನ್ನು ಎರಚಿದ್ದರೆ ಇಂದು ಅವುಗಳ ಹೆಸರೂ ಉಳಿಯುತ್ತಿರಲಿಲ್ಲ. ಅವು ಮೊದಲು ಕೂಡಿಸಿದ್ದು ಹಣವನ್ನಲ್ಲ, ಮನುಷ್ಯನನ್ನು. ಪೀಬಾಡಿ ನಿಧಿಯ ಪ್ರತಿನಿಧಿಯಾಗಿದ್ದ ಕರಿ ಎಂಬವರೇ 1890ರ ದಶಕದಲ್ಲಿ ಸ್ಲೇಟರ್ ನಿಧಿಯ ಕಾರ್ಯಭಾರವನ್ನೂ ಹೊತ್ತರು. ಮುಂದೆ ಜೇಮ್ಸ್ ಹಾರ್ಡಿ ಡಿಲಾರ್ಡ್ ಎಂಬವರು ನ್ಯೂ ಆರ್ಲಿಯನ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಭಾಷೆಯ ಅಧ್ಯಾಪಕತ್ವವನ್ನು ಬಿಟ್ಟು ಜೀನ್ಸ್ ನಿಧಿಯ ಅಧ್ಯಕ್ಷರಾದರು. 1910ರಲ್ಲಿ ಸ್ಲೇಟರ್ ನಿಧಿಯೂ ತನ್ನ ನಿರ್ದೇಶಕತ್ವವನ್ನು ಅವರಿಗೇ ಒಪ್ಪಿಸಿತು. 1931ರ ವರೆಗೆ ಈ ಪಂಡಿತರು ಎರಡು ನಿಧಿಗಳ ಹೊಣೆಯನ್ನೂ ಹೊತ್ತು ನಡೆಸಿದರು. ಎರಡು ಮಂಡಳಿಗಳು, ಎರಡು ಲೆಕ್ಕಗಳು, ಎರಡು ದಾನಪತ್ರಗಳು. ಆದರೆ ತಿಳಿವಳಿಕೆ ಒಂದೇ. ಯಾವ ಹಳ್ಳಿಯಲ್ಲಿ ಏನು ಕೊರತೆಯೆಂಬುದು ಒಂದೇ ತಲೆಯಲ್ಲಿ ಇದ್ದುದರಿಂದ ಒಂದೇ ಶಾಲೆಗೆ ಎರಡು ಕಡೆಯಿಂದ ಹಣ ಹೋಗುವುದೂ, ಪಕ್ಕದ ಶಾಲೆಗೆ ಎಲ್ಲಿಂದಲೂ ಬಾರದಿರುವುದೂ ತಪ್ಪಿತು. ವಿಶ್ವಸ್ತರಿಗೆ ತಮ್ಮ ನಿಧಿಯ ಹೆಸರಿನ ಮೇಲೆ ಎಷ್ಟು ಅಭಿಮಾನವೆಂಬುದನ್ನು ಬಲ್ಲವರಿಗೆ, ಒಬ್ಬ ನೌಕರನನ್ನು ಹಂಚಿಕೊಳ್ಳುವುದು ಎಷ್ಟು ದೊಡ್ಡ ತ್ಯಾಗವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲಸದ ಹಂಚಿಕೆಯನ್ನು ನೋಡೋಣ. ವರ್ಜೀನಿಯಾದ ಹೆನ್ರಿಕೋ ಎಂಬ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ತಾಲೂಕಿನಂಥದೊಂದು ಆಡಳಿತ ವಿಭಾಗ) ವರ್ಜೀನಿಯಾ ರಾಂಡಾಲ್ಫ್ ಎಂಬ ಕೃಷ್ಣವರ್ಣದ ಉಪಾಧ್ಯಾಯಿನಿಯಿದ್ದರು. ಅವರ ತಂದೆತಾಯಿಗಳು ದಾಸ್ಯವನ್ನು ಕಂಡವರು. ತಮ್ಮ ಒಂದು ಕೊಠಡಿಯ ಶಾಲೆಗೆ ತಾವೇ ಸುಣ್ಣ ಬಳಿಸಿ, ಅಂಗಳಕ್ಕೆ ಹರಳು ಹಾಕಿಸಿ, ಮಕ್ಕಳಿಗೆ ಓದುಬರಹದೊಡನೆ ಹೊಲಿಗೆ, ಅಡಿಗೆ, ಬಳ್ಳಿಗಳಿಂದ ಬುಟ್ಟಿ ಹೆಣೆಯುವ ಕಸಬು ಇವನ್ನು ಕಲಿಸುತ್ತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸುವುದು ಪುಸ್ತಕ ಓದಿಸಲಿಕ್ಕೆ, ಬುಟ್ಟಿ ಹೆಣೆಯಿಸಲಿಕ್ಕೆ ಅಲ್ಲವೆಂದು ಪಾಲಕರು ಮೊದಮೊದಲು ತಕರಾರೂ ಎತ್ತಿದರು. (ಪಾಲಕರ ಈ ಆಕ್ಷೇಪವನ್ನು ನೆನಪಿನಲ್ಲಿಡಿರಿ, ಮುಂದೆ ಅದೇ ದೊಡ್ಡವರ ಬಾಯಿಂದಲೂ ಬರಲಿದೆ.) ಆ ಕೌಂಟಿಯ ಶಿಕ್ಷಣಾಧಿಕಾರಿಯಾದ ಜಾಕ್ಸನ್ ಡೇವಿಸ್ ಅವರು ಈ ಶಾಲೆಯನ್ನು ಕಂಡು ಮೆಚ್ಚಿ, ಈಕೆಯು ಒಂದೇ ಶಾಲೆಯಲ್ಲಿ ಕುಳಿತಿರುವುದಕ್ಕಿಂತ ಸುತ್ತಲಿನ ಇಪ್ಪತ್ತಕ್ಕೆ ಮಿಕ್ಕಿದ ಶಾಲೆಗಳನ್ನು ಸುತ್ತಿ ಉಪಾಧ್ಯಾಯರಿಗೆ ದಾರಿ ತೋರಿಸಿದರೆ ಲೇಸೆಂದು ಬಗೆದು, 1908ರಲ್ಲಿ ಜೀನ್ಸ್ ನಿಧಿಯಿಂದ ಅವರ ಸಂಬಳವನ್ನು ಪಡೆದರು. ತಿಂಗಳಿಗೆ 40 ಡಾಲರು. ಅದೇ ವರ್ಷ ರಾಂಡಾಲ್ಫ್ ಅವರು ಮಕ್ಕಳೊಡನೆ ಶಾಲೆಯ ಬಳಿ ಹನ್ನೆರಡು ಸಿಕಮೋರ್ ಮರಗಳನ್ನು ನೆಟ್ಟರು. ವರ್ಜೀನಿಯಾ ಸಂಸ್ಥಾನದಲ್ಲಿ ವೃಕ್ಷದಿನದ ಉತ್ಸವವು ನಡೆದದ್ದು ಅದೇ ಮೊದಲು.

ಆ ಮೊದಲ ವರ್ಷದ ವರದಿಯನ್ನು ಡಿಲಾರ್ಡ್ ಅವರು ಪ್ರತಿ ಮಾಡಿಸಿ ದಕ್ಷಿಣದ ಶಿಕ್ಷಣಾಧಿಕಾರಿಗಳಿಗೆಲ್ಲ ಕಳಿಸಿದರು. ಸಣ್ಣ ನಿಧಿಯೊಂದು ಅಂಚೆಯ ವೆಚ್ಚದಲ್ಲಿ ಮಾಡಿದ ಕೆಲಸವಿದು. ನನ್ನ ಎಣಿಕೆಯಲ್ಲಿ ಅವರ ಇತರ ಎಷ್ಟೋ ಅನುದಾನಗಳಿಗಿಂತ ಇದರ ಬೆಲೆ ಹೆಚ್ಚು. 1930ರ ಸುಮಾರಿಗೆ ಇಂಥ ‘ಜೀನ್ಸ್ ಉಪಾಧ್ಯಾಯಿನಿಯರು’ ಮುನ್ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ ಸಂಚರಿಸುತ್ತಿದ್ದರು. ಮೊದಲು ಅವರ ಸಂಬಳವನ್ನೆಲ್ಲ ನಿಧಿಯೇ ಕೊಡುತ್ತಿದ್ದಿತು; ಬರಬರುತ್ತ ಕೌಂಟಿಯ ಸರಕಾರವು ಪಾಲು ಕೊಡತೊಡಗಿತು.

ಇದು ಪ್ರಾಥಮಿಕ ಶಾಲೆಗಳ ಮಾತಾಯಿತು. ಅಲ್ಲಿ ಕಲಿಸಲಿಕ್ಕೆ ಉಪಾಧ್ಯಾಯರು ಎಲ್ಲಿಂದ ಬರಬೇಕು? ಅದನ್ನು ಸ್ಲೇಟರ್ ನಿಧಿಯು ವಹಿಸಿಕೊಂಡಿತು. ಪ್ರತಿ ಕೌಂಟಿಗೆ ಒಂದರಂತೆ ಮೇಲ್ತರಗತಿಗಳ ‘ತರಬೇತಿ ಶಾಲೆ’ಗಳಿಗೆ 1911ರಿಂದ ನೆರವು ಕೊಟ್ಟಿತು. ಕರಾರು ಮಾತ್ರ ಕಟ್ಟುನಿಟ್ಟು: ಶಾಲೆಯ ಆಸ್ತಿಯು ಸರಕಾರದ ಹೆಸರಿನಲ್ಲಿರಬೇಕು, ಸಾರ್ವಜನಿಕ ಬೊಕ್ಕಸವೂ ಪಾಲು ಹಾಕಬೇಕು. ರಾಕ್‌ಫೆಲ್ಲರ್ ಅವರ ಹಣದಿಂದ 1902ರಲ್ಲಿ ಹುಟ್ಟಿದ ಸಾಮಾನ್ಯ ಶಿಕ್ಷಣ ಮಂಡಳಿಯು ಇವೆಲ್ಲಕ್ಕಿಂತ ಶ್ರೀಮಂತ ಸಂಸ್ಥೆ. ಅದು ಆಯಾ ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಈ ಶಾಲೆಗಳಿಗೆಂದೇ ಒಬ್ಬ ಅಧಿಕಾರಿಯನ್ನು ಇರಿಸಿ ಅವರ ಸಂಬಳವನ್ನು ಕೊಟ್ಟಿತು.

ಉಳಿದದ್ದು ಕಟ್ಟಡ. ಷಿಕಾಗೋದ ವ್ಯಾಪಾರಿ ಜೂಲಿಯಸ್ ರೋಜನ್‌ವಾಲ್ಡ್ ಅವರು 1912ರಲ್ಲಿ ತಮ್ಮ ಐವತ್ತನೆಯ ಹುಟ್ಟುಹಬ್ಬದ ನಿಮಿತ್ತ ಟಸ್ಕೀಗೀ ವಿದ್ಯಾಲಯಕ್ಕೆ 25 ಸಾವಿರ ಡಾಲರುಗಳನ್ನು ಕೊಟ್ಟರು. ಅದರಲ್ಲಿ ಉಳಿದ ಅಲ್ಪ ಹಣದಿಂದ ಸುತ್ತಲಿನ ಹಳ್ಳಿಗಳಲ್ಲಿ ಆರು ಶಾಲೆಗಳನ್ನು ಕಟ್ಟಬಹುದೆಂದು ಸೂಚಿಸಿದವರು ಆ ವಿದ್ಯಾಲಯದ ಮುಖ್ಯಸ್ಥರಾದ ಬುಕರ್ ವಾಷಿಂಗ್ಟನ್ ಅವರು. ಆ ಆರರಿಂದ ಬೆಳೆದ ಕಾರ್ಯವು 1932ರ ಹೊತ್ತಿಗೆ ಹದಿನೈದು ಸಂಸ್ಥಾನಗಳಲ್ಲಿ 4,977 ಶಾಲೆಗಳು, 217 ಉಪಾಧ್ಯಾಯರ ಮನೆಗಳು, 163 ಕಸಬುಶಾಲೆಗಳೆಂದು ಲೆಕ್ಕಕ್ಕೆ ಬಂದಿತು. ಕಟ್ಟಡದ ನಕ್ಷೆಗಳನ್ನು ಒಂದೇ ಕಡೆ ಬರೆಯಿಸಿ ಅಚ್ಚುಹಾಕಿಸಿ ಹಂಚಿದರು. ಹಳ್ಳಿಯ ಬಡಗಿಯೇ ನೋಡಿ ಕಟ್ಟಬಹುದು. ವಿದ್ಯುದ್ದೀಪವಿಲ್ಲದ ಹಳ್ಳಿಗಳಾದುದರಿಂದ ಪೂರ್ವ ಪಶ್ಚಿಮದ ಬೆಳಕು ಬರುವಂತೆ ದೊಡ್ಡ ಕಿಟಕಿಗಳ ಸಾಲನ್ನು ಇಟ್ಟಿದ್ದರು. ಈ ಶಾಲೆಗಳಿಗಾಗಿ ಹಳ್ಳಿಹಳ್ಳಿ ತಿರುಗಿ ಸಭೆ ಸೇರಿಸಿ ವರ್ಗಣಿ ಎತ್ತಿದವರಲ್ಲಿ ಜೀನ್ಸ್ ನಿಧಿಯ ಉಪಾಧ್ಯಾಯಿನಿಯರೂ ಇದ್ದರು. ಒಂದು ನಿಧಿಯ ನೌಕರಳು ಇನ್ನೊಂದು ನಿಧಿಯ ಕಟ್ಟಡಕ್ಕೆ ಹಣ ಕೂಡಿಸುತ್ತಾಳೆ! ಸಹಕಾರವೆಂದರೆ ಇದು, ವರ್ಷಕ್ಕೊಮ್ಮೆ ಪರಸ್ಪರ ಅಭಿನಂದನಪತ್ರ ಬರೆದುಕೊಳ್ಳುವುದಲ್ಲ.

ಈಗ ನಾನು ಲೆಕ್ಕದ ಪುಸ್ತಕವನ್ನು ಬಿಚ್ಚುತ್ತೇನೆ. ಆ ಎಲ್ಲ ಕಟ್ಟಡಗಳ ಒಟ್ಟು ವೆಚ್ಚ ಸುಮಾರು 2 ಕೋಟಿ 84 ಲಕ್ಷ ಡಾಲರು. ಅದರಲ್ಲಿ ರೋಜನ್‌ವಾಲ್ಡ್ ನಿಧಿಯದು ಸುಮಾರು 43.6 ಲಕ್ಷ. ಸಾರ್ವಜನಿಕ ತೆರಿಗೆಯಿಂದ ಬಂದದ್ದು 1 ಕೋಟಿ 81 ಲಕ್ಷ. ಬಿಳಿಯರು ವರ್ಗಣಿಯಾಗಿ ಕೊಟ್ಟದ್ದು 12 ಲಕ್ಷ. ಕೃಷ್ಣವರ್ಣದ ಬಡ ರೈತರೂ ಕೂಲಿಗಳೂ ಕೈಯಾರೆ ಕೊಟ್ಟದ್ದು 47.2 ಲಕ್ಷ. ಅಂದರೆ ಯಾವ ಧನಿಕರ ಹೆಸರಿನಿಂದ ಆ ಶಾಲೆಗಳನ್ನು ಇಂದಿಗೂ ಕರೆಯುತ್ತಾರೆಯೋ ಅವರ ನಿಧಿಗಿಂತ ಬಡವರ ಜೇಬಿನಿಂದ ಹೆಚ್ಚು ಹಣ ಬಂದಿತು. ಹೊಲದ ಒಂದು ತುಂಡಿನಲ್ಲಿ ಶಾಲೆಗೆಂದೇ ಹತ್ತಿಯನ್ನು ಬೆಳೆದವರುಂಟು. ಅಲಬಾಮಾದ ಒಂದು ಹಳ್ಳಿಯ ಸಭೆಯಲ್ಲಿ ದಾಸ್ಯದ ದಿನಗಳನ್ನು ಕಂಡ ಮುದುಕನೊಬ್ಬನು ಜಿಡ್ಡುಗಟ್ಟಿದ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿ, ತನ್ನ ಜೀವಮಾನದ ಉಳಿತಾಯವಾದ 38 ಡಾಲರುಗಳನ್ನು ಮೊಮ್ಮಕ್ಕಳ ಮಕ್ಕಳಿಗಾಗಿ ಕೊಟ್ಟನೆಂದು ರೋಜನ್‌ವಾಲ್ಡ್ ಕಾರ್ಯದ ಪ್ರತಿನಿಧಿಯೊಬ್ಬರು ವರದಿ ಮಾಡಿದ್ದಾರೆ.

ಈ ತ್ಯಾಗವನ್ನು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಆ ಮುದುಕನು ಸರಕಾರಕ್ಕೆ ತೆರಿಗೆಯನ್ನೂ ಕೊಡುತ್ತಿದ್ದನಲ್ಲವೇ? ಬಿಳಿಯರ ಮಕ್ಕಳಿಗೆ ಅದೇ ತೆರಿಗೆಯಿಂದ ಶಾಲೆಯೆದ್ದಿತು. ಅವನ ಮಕ್ಕಳಿಗೆ ಶಾಲೆ ಬೇಕಾದರೆ ಎರಡನೆಯ ಸಲ ಕೊಡಬೇಕಾಯಿತು. ಜೇಮ್ಸ್ ಆಂಡರ್ಸನ್ ಎಂಬ ಇತಿಹಾಸಕಾರರು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಇಮ್ಮಡಿ ತೆರಿಗೆಯೆಂದೇ ಕರೆದಿದ್ದಾರೆ. ‘ನೀವು ಅರ್ಧ ಕೊಡಿರಿ, ನಾವು ಅರ್ಧ ಕೊಡುತ್ತೇವೆ’ ಎಂಬ ಕರಾರು ನಮ್ಮಲ್ಲಿಯೂ ದಾನಿಗಳಿಗೆ ಪ್ರಿಯವಾದದ್ದು. ಯಾರ ಅರ್ಧವು ಯಾರಿಗೆ ಎಷ್ಟು ಭಾರವೆಂದು ತೂಗಿನೋಡದೆ ಅದನ್ನು ಹಾಕುವುದು ನ್ಯಾಯವಲ್ಲವೆಂಬುದು ನನ್ನ ಮತ. ಹಾಗೆಂದು ಆ ಕರಾರಿನ ಇನ್ನೊಂದು ಫಲವನ್ನು ಮರೆಯಲಾಗದು: ಜಮೀನೂ ಕಟ್ಟಡವೂ ಸರಕಾರದ ಹೆಸರಿಗೆ ಬರೆದುದರಿಂದ, ಒಲ್ಲದ ಸರಕಾರವೂ ಆ ಶಾಲೆಯನ್ನು ತನ್ನದೆಂದು ಒಪ್ಪಿ ಉಪಾಧ್ಯಾಯರಿಗೆ ಸಂಬಳ ಕೊಡಬೇಕಾಯಿತು. 1 ಕೋಟಿ 81 ಲಕ್ಷವು ಬೊಕ್ಕಸದಿಂದ ಹೊರಟದ್ದು ಇದರಿಂದಲೇ.

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮ. 1917ರಲ್ಲಿ ಫೆಲ್ಪ್ಸ್-ಸ್ಟೋಕ್ಸ್ ನಿಧಿಯ ವತಿಯಿಂದ ಥಾಮಸ್ ಜೆಸ್ಸಿ ಜೋನ್ಸ್ ಎಂಬವರು ಎರಡು ಸಂಪುಟಗಳ ದೊಡ್ಡ ವರದಿಯನ್ನು ಹೊರಡಿಸಿ, ದಾನಿಗಳೆಲ್ಲರೂ ಒಕ್ಕಟ್ಟಾಗಿ ನಡೆಯಬೇಕೆಂದೂ ಕೈಕಸಬಿನ ಶಿಕ್ಷಣಕ್ಕೆ ಪ್ರಾಧಾನ್ಯ ಕೊಡಬೇಕೆಂದೂ ಬೋಧಿಸಿದರು. ಆ ಜನರದೇ ವಿದ್ವಾಂಸರಾದ ಡುಬಾಯ್ಸ್ ಅವರು 1918ರಲ್ಲಿ ತಮ್ಮ ‘ಕ್ರೈಸಿಸ್’ ಮಾಸಪತ್ರಿಕೆಯಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಉನ್ನತ ವಿದ್ಯೆಯನ್ನು ಹಿಂದೆ ಸರಿಸಿ ಕಸಬನ್ನು ಮುಂದಿಡುವುದು ಸಲ್ಲದು. ದಾನಿಗಳು ತಮ್ಮತಮ್ಮಲ್ಲಿ ಒಂದಾಗಿ, ಯಾರಿಗಾಗಿ ದಾನವೋ ಅವರ ಮಾತಿಗೆ ಅಲ್ಲಿ ಎಡೆಯಿಲ್ಲದಂತಾದರೆ ಅದೆಂಥ ಒಕ್ಕಟ್ಟು - ಇದು ಅವರ ವಾದದ ತಿರುಳು. ದಾನಿಗಳು ಹತ್ತು ಮಂದಿ ಬೇರೆಬೇರೆಯಾಗಿದ್ದಾಗ ಒಬ್ಬನು ಇಲ್ಲವೆಂದರೆ ಇನ್ನೊಬ್ಬನ ಬಾಗಿಲಿಗೆ ಹೋಗಬಹುದು. ಹತ್ತೂ ಬಾಗಿಲುಗಳ ಹಿಂದೆ ಒಬ್ಬನೇ ಕುಳಿತಿದ್ದರೆ ಬಡ ಶಾಲೆಯು ಎಲ್ಲಿಗೆ ಹೋಗಬೇಕು? ಡಿಲಾರ್ಡ್ ಅವರು ಸಜ್ಜನರಾಗಿದ್ದರೆಂಬುದು ಈ ಪ್ರಶ್ನೆಗೆ ಉತ್ತರವಾಗದು. ಈ ವಿಷಯದಲ್ಲಿ ಅನ್ನಾ ಜೀನ್ಸ್ ಅವರ ನಿಧಿಯು ಉಳಿದವುಗಳಿಗಿಂತ ಮೇಲೆಂದು ಹೇಳಬೇಕು. ಅದರ ಮಂಡಳಿಯಲ್ಲಿ ಆರಂಭದಿಂದಲೂ ವಾಷಿಂಗ್ಟನ್ ಮೊದಲಾದ ಕೃಷ್ಣವರ್ಣೀಯರು ಬಿಳಿಯರೊಡನೆ ಸರಿಸಮವಾಗಿ ಕುಳಿತಿದ್ದರು. ಆ ಕಾಲದ ಆ ದೇಶದಲ್ಲಿ ಇದು ಸಾಮಾನ್ಯವಾದ ಮಾತಲ್ಲ.

ಇಷ್ಟೆಲ್ಲ ಕೂಡಿ ಮಾಡಿದ್ದರ ಫಲವೇನು? ಆರನ್ಸನ್ ಮತ್ತು ಮಜುಂದಾರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜನಗಣತಿಯ ಹಳೆಯ ದಾಖಲೆಗಳನ್ನು ಶೋಧಿಸಿ 2011ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ದಕ್ಷಿಣದ ಹಳ್ಳಿಗಳ ಕೃಷ್ಣವರ್ಣದ ಮಕ್ಕಳಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಆ ಶಾಲೆಗಳಲ್ಲಿ ಸ್ಥಳವಿದ್ದಿತೆಂದೂ, ಹಾಜರಿ, ಅಕ್ಷರಜ್ಞಾನ, ಓದಿದ ವರ್ಷಗಳು ಇವೆಲ್ಲ ಸ್ಪಷ್ಟವಾಗಿ ಏರಿದವೆಂದೂ, ಎಲ್ಲಕ್ಕಿಂತ ಹಿಂದುಳಿದ ಕೌಂಟಿಗಳಲ್ಲಿಯೇ ಫಲವು ಹೆಚ್ಚೆಂದೂ ಅವರ ನಿರ್ಣಯ.

ಆಮೇಲಿನ ಸಂಗತಿಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಪೀಬಾಡಿ ನಿಧಿಯು 1914ರಲ್ಲಿ ವಿಸರ್ಜನೆಗೊಂಡು ತನ್ನ ಹಣದ ಒಂದು ಪಾಲನ್ನು ಸ್ಲೇಟರ್ ನಿಧಿಗೆ ಬಿಟ್ಟಿತು. ರೋಜನ್‌ವಾಲ್ಡ್ ಅವರು ತಮ್ಮ ನಿಧಿಯು ಚಿರಕಾಲ ಉಳಿಯಕೂಡದೆಂದು ವಿಧಿಸಿದ್ದರಿಂದ ಅದು ಮೂಲಧನವನ್ನೂ ವೆಚ್ಚಮಾಡಿ 1948ರಲ್ಲಿ ಬಾಗಿಲು ಮುಚ್ಚಿತು. ಸ್ಲೇಟರ್, ಜೀನ್ಸ್ ನಿಧಿಗಳು ಅದಕ್ಕೆ ಮುಂಚೆಯೇ, 1937ರಲ್ಲಿ, ವಿಧಿವತ್ತಾಗಿ ಒಂದಾಗಿ ‘ದಕ್ಷಿಣ ಶಿಕ್ಷಣ ಪ್ರತಿಷ್ಠಾನ’ವಾದವು. ಇಪ್ಪತ್ತೇಳು ವರ್ಷ ಜೊತೆಯಾಗಿ ನಡೆದು, ಪರಸ್ಪರ ಗುಣಾವಗುಣಗಳನ್ನು ಅರಿತ ಬಳಿಕ ಆದ ಮದುವೆಯದು. ಆ ಸಂಸ್ಥೆಯು ಇಂದಿಗೂ ಅಟ್ಲಾಂಟಾ ನಗರದಲ್ಲಿ ಕೆಲಸ ಮಾಡುತ್ತಿದೆ. ಜೀನ್ಸ್ ಉಪಾಧ್ಯಾಯಿನಿಯರ ಸಂಚಾರವು 1968ರ ವರೆಗೆ ನಡೆಯಿತು. 1937ರ ಆ ಕೂಡುವಿಕೆಯಲ್ಲಿ ಸಾಹುಕಾರರ ನಿಧಿಗಳೊಡನೆ ಇನ್ನೊಂದು ಸಣ್ಣ ನಿಧಿಯೂ ಸೇರಿತು. ಅದನ್ನು ಕೂಡಿಸಿದವರು ಊರೂರು ತಿರುಗುತ್ತಿದ್ದ ಆ ಉಪಾಧ್ಯಾಯಿನಿಯರೇ, ತಮ್ಮ ಸಂಬಳದಲ್ಲಿ ಉಳಿಸಿ. ಅದಕ್ಕೆ ಅವರು ಇಟ್ಟ ಹೆಸರು ವರ್ಜೀನಿಯಾ ರಾಂಡಾಲ್ಫ್ ನಿಧಿ.