ಕೊಂಬಿಗೆ ಬಾಯಿಟ್ಟಾಗ

ರಣಕಹಳೆಯ ವರ್ಣನೆಗಳನ್ನು ತರಗತಿಯಲ್ಲಿ ಮೂವತ್ತು ವರುಷ ಬೋಧಿಸಿದ ನಾನು ಒಮ್ಮೆಯೂ ಕೊಂಬಿಗೆ ಬಾಯಿಟ್ಟವನಲ್ಲ. ಬಾಲ್ಯದಲ್ಲಿ, ನಮ್ಮ ಕೊಂಕಲ್ ಗ್ರಾಮದಲ್ಲಿ, ಪಲ್ಲಕ್ಕಿಯ ಮುಂದೆ ಹಿತ್ತಾಳೆಯ ಕೊಂಬು ಊದುತ್ತಿದ್ದ ಮುದುಕನೆಡೆಗೆ ಕೈಚಾಚಿದ್ದೆ. ಮನೆಯ ಹಿರಿಯರು ಹಿಂದಕ್ಕೆಳೆದರು. ಎಂಜಲು ಎಂದರು, ಊದುವವನ ಜಾತಿಯೂ ಅವರ ಮನಸ್ಸಿನಲ್ಲಿತ್ತೆಂಬುದು ನನಗೆ ಅರಿವಾದುದು ತಡವಾಗಿ.

ಕಳೆದ ಬೇಸಿಗೆಯಲ್ಲಿ ಮೊಮ್ಮಕ್ಕಳ ಮುಂದೆ ಅಂಥದೇ ಕೊಂಬೊಂದನ್ನು ತಂದಿರಿಸಿದೆ. ಮೊದಲು ಬರಿಯ ಉಸಿರನ್ನು ಊದಿದರು. ಸುಯ್ಯೆಂದಿತೇ ಹೊರತು ನಾದ ಹೊರಡಲಿಲ್ಲ. ಇದಕ್ಕೆ ಕೊಳಲಿನ ರಂಧ್ರಗಳಿಲ್ಲ, ಶಹನಾಯಿಯ ಜೊಂಡಿನ ನಾಲಿಗೆಯೂ ಇಲ್ಲ. ಊದುವವನ ತುಟಿಗಳೇ ನಾಲಿಗೆ. ಅವುಗಳನ್ನು ಬಿಗಿಹಿಡಿದು ದುಂಬಿಯಂತೆ ಝೇಂಕರಿಸಬೇಕು. ಆಗ ಕೊಳವೆಯೊಳಗಿನ ಗಾಳಿ ಓಗೊಡುತ್ತದೆ. ಬಿಗಿ ಹೆಚ್ಚಿದಂತೆ ಸ್ವರ ಜಿಗಿಯುತ್ತದೆ: ಷಡ್ಜದಿಂದ ಪಂಚಮಕ್ಕೆ, ಅಲ್ಲಿಂದ ತಾರಷಡ್ಜಕ್ಕೆ. ನಡುವಣ ಸ್ವರಗಳು ಸುಲಭವಾಗಿ ಒಲಿಯವು. ಮದುವೆಯ ಬ್ಯಾಂಡಿನವರ ಟ್ರಂಪೆಟ್ಟಿಗೆ 3 ಗುಂಡಿಗಳಿರುವುದು ಈ ಕೊರತೆಯನ್ನು ನೀಗಲೆಂದೇ. ಗುಂಡಿ ಒತ್ತಿದರೆ ಗಾಳಿಯ ಹಾದಿಗೆ ಇನ್ನಷ್ಟು ಕೊಳವೆ ಕೂಡಿಕೊಂಡು ಸ್ವರ ಇಳಿಯುತ್ತದೆ. ಬರ್ಲಿನ್ನಿನಲ್ಲಿ ಈ ಉಪಾಯಕ್ಕೆ ಪೇಟೆಂಟು ದೊರೆತದ್ದು 1818ರಲ್ಲಿ. ನಮ್ಮ ಕೊಂಬು ಅದರ ಗೊಡವೆಗೇ ಹೋಗಲಿಲ್ಲ.

ಅಂತೂ ಕಿರಿಯವಳಿಗೆ ನಾದ ಸಿಕ್ಕಿತು; ಬೀದಿಯ ನಾಯಿಗಳೆಲ್ಲ ಬೊಗಳಿದವು. ಆಮೇಲೆ ಕೊಂಬು ಬಗ್ಗಿಸಿದಾಗ ನೀರಿನ ಹನಿ ತೊಟ್ಟಿಕ್ಕಿತು. “ಛೀ ತಾತ, ಎಂಜಲು!” ಎಂದಳು. ಆ ಮಾತು ಅವಳವರೆಗೂ ಬಂದಿತ್ತು. ಒಳಗೆ ಕರೆದೊಯ್ದು ಅನ್ನದ ಪಾತ್ರೆಯ ಮುಚ್ಚಳವನ್ನು ಎತ್ತಿ ತೋರಿಸಿದೆ. ಬಿಸಿಯುಸಿರು ತಣ್ಣನೆಯ ಲೋಹಕ್ಕೆ ತಾಗಿಯೂ ಹೀಗೆಯೇ ಹನಿಗಟ್ಟುತ್ತದೆ. ಕೊಂಬಿನಿಂದ ಬಿದ್ದುದರಲ್ಲಿ ಉಗುಳಿನ ಪಾಲು ಕಡಿಮೆ. ಅವಳು ಕೊಂಬಿನ ಬಾಯಿಯನ್ನು ತೊಳೆದು, ಒರೆಸಿ, ನನ್ನ ಕೈಗಿತ್ತಳು. ಊದಿದೆ. ಸುಯ್ಯೆಂದಿತು, ಅಷ್ಟೇ.