ಹಾಡು ಕೇಳಿದ ಮೇಲೆ, ಸಿನಿಮಾ ನೋಡಿದ ಮೇಲೆ

(ಹುಲಿಯೂರುದುರ್ಗದಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಬಡ್ಡಿ, ಹಸು, ರಾಗಿ ಅಂತ ಮಾತಾಡುವ ಈ ಸಭೆಯಲ್ಲಿ ಇವತ್ತು ಸಿನಿಮಾ ಮತ್ತು ಹಾಡಿನ ವಿಷಯ ತೆಗೆದಿದ್ದೇವೆ. ಪುಸ್ತಕ ಬರೆಯೋದು ಬಿಟ್ಟು ಇದೇನು ಸಿನಿಮಾ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣ ಇದೆ, ಮೊದಲು ಅದನ್ನೇ ಹೇಳಿಬಿಡ್ತೀವಿ.

ತಪಸ್ಸುಕಾಲದಲ್ಲಿ ಒಂದು ದಿನ ನಮ್ಮ ಸಂಘಗಳಲ್ಲೊಂದರ ಸದಸ್ಯರೆಲ್ಲ ಸೇರಿ, ಪ್ರೊಜೆಕ್ಟರ್ ತರಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಸಿನಿಮಾ ನೋಡಿದೆವು. ಸಂಘದಲ್ಲಿ ಕ್ರೈಸ್ತರ ಮನೆ ಕಡಿಮೆ, ಉಳಿದವರೇ ಹೆಚ್ಚು. ಆದರೂ ಎಲ್ಲರೂ ಬಂದಿದ್ದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಒಬ್ಬಾಕೆ ಕಣ್ಣೊರೆಸಿಕೊಂಡು, "ದೇವರ ಮಗನೇ ಅಷ್ಟು ಏಟು ತಿಂದ, ಬಾಯಿ ಬಿಡಲಿಲ್ಲ. ನಮ್ಮದೇನು ಮಹಾ" ಅಂದಳು. ಆಕೆಯ ಮನೆಯ ಸಂಗತಿ ಸಂಘದವರಿಗೆಲ್ಲ ಗೊತ್ತಿದೆ. ಗಂಡ ಕುಡಿದು ಬಂದ ಮಾರನೆಯ ದಿನ ಆಕೆ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದು ಸಭೆಗೆ ಬರುತ್ತಾಳೆ. ಅಂಥವಳು ಈ ಮಾತು ಆಡಿದಾಗ ನಾವು ಏನು ಮಾಡಿದೆವು ಗೊತ್ತೇ? "ಹೌದಮ್ಮಾ" ಅಂತ ತಲೆ ಆಡಿಸಿ, ದೀಪ ಹಾಕಿ, ಚಾಪೆ ಸುತ್ತಿದೆವು. ಸಿನಿಮಾ ತೋರಿಸಿದವರು ನಾವೇ, ಅದನ್ನು ಬಿಡಿಸಿ ಮಾತಾಡದೆ ಎದ್ದವರೂ ನಾವೇ. ಆ ತಪ್ಪು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಈ ಮಾತು.

ಆ ಸಿನಿಮಾವನ್ನೇ ಮೊದಲು ತೆಗೆದುಕೊಳ್ಳೋಣ. ಮೆಲ್ ಗಿಬ್ಸನ್ ಅನ್ನುವ ಹಾಲಿವುಡ್ ನಟ ನಿರ್ದೇಶಿಸಿದ ಈ ಚಿತ್ರ 2004ರ ಫೆಬ್ರವರಿ 25ರಂದು, ವಿಭೂತಿ ಬುಧವಾರದ ದಿನವೇ ಬಿಡುಗಡೆ ಆಯಿತು. ಪಾತ್ರಧಾರಿಗಳು ಅರಮಾಯಿಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಲ್ಲಿ ಮಾತಾಡುತ್ತಾರೆ. ಅಂದರೆ ಅಮೆರಿಕದವರಿಗೂ ಅರ್ಥವಾಗಲ್ಲ, ನಮಗೂ ಅರ್ಥವಾಗಲ್ಲ! ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು, ಎಲ್ಲರೂ ಮುಖ ನೋಡಿಕೊಂಡೇ ಅರ್ಥ ಮಾಡಿಕೊಂಡರು. ಯೇಸುವಿನ ಕೊನೆಯ ಹನ್ನೆರಡು ಗಂಟೆಗಳ ಕಥೆ ಅದು. ಅದರಲ್ಲಿ ಚಾಟಿ ಏಟಿನ ದೃಶ್ಯವೊಂದೇ ಹತ್ತಿರ ಹತ್ತಿರ ಹತ್ತು ನಿಮಿಷ ನಡೆಯುತ್ತದೆ. ಸಂತ ಯೊವಾನ್ನರ ಶುಭಸಂದೇಶ ತೆಗೆದು ನೋಡಿ, ಅದಕ್ಕೆ ಅಲ್ಲಿ ಇರುವುದು ಒಂದೇ ಒಂದು ವಾಕ್ಯ. ಒಂದು ವಾಕ್ಯವನ್ನು ಹತ್ತು ನಿಮಿಷ ಎಳೆದವರು ಸಿನಿಮಾದವರು. ಬರೆದವರಿಗೆ ಏಟು ಎಷ್ಟು ಅನ್ನೋದು ಮುಖ್ಯ ಆಗಿರಲಿಲ್ಲ, ಯಾಕೆ ಬಿತ್ತು ಅನ್ನೋದು ಮುಖ್ಯ ಆಗಿತ್ತು. ಯಾಕೆ ಅಂದರೆ, ಆತ ಸುಮ್ಮನಿರಲಿಲ್ಲ. ದೇವಾಲಯದಲ್ಲಿ ವ್ಯಾಪಾರ ಮಾಡುವವರ ಮೇಜು ಉರುಳಿಸಿದ, ದೊಡ್ಡವರ ಎದುರು ನಿಂತು ಮಾತಾಡಿದ. ಈ ಚಿತ್ರ ಸೆರೆಯಾದ ರಾತ್ರಿಯಿಂದ ಶುರುವಾಗುವುದರಿಂದ ಅವೆಲ್ಲ ನಮಗೆ ಕಾಣೋದೇ ಇಲ್ಲ. ಹಿಂದಿನದು ತುಣುಕು ತುಣುಕಾಗಿ ಬಂದು ಹೋಗುತ್ತದೆ ಅಷ್ಟೆ. ಏಟು ಮಾತ್ರ ಕಣ್ಣಲ್ಲಿ ಉಳಿಯುತ್ತದೆ. ನಮ್ಮ ಆ ಸಹೋದರಿ ತಪ್ಪು ಹೇಳಲಿಲ್ಲ. ಆಕೆಗೆ ಕಂಡದ್ದನ್ನೇ ಹೇಳಿದಳು.

ಆದರೆ ಅದೇ ಸಿನಿಮಾದಲ್ಲಿ ನಾವು ಯಾರೂ ಗಮನಿಸದೆ ಬಿಟ್ಟ ಒಬ್ಬ ಮನುಷ್ಯ ಇದ್ದಾನೆ. ಸಿರೇನ್ಯದ ಸಿಮೋನ. ಹೊಲದ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಶಿಲುಬೆ ಹೊರು ಅಂತಾರೆ. ಮೊದಲು ಅವನಿಗೆ ಇಷ್ಟವಿಲ್ಲ, ನನಗೂ ಇದಕ್ಕೂ ಸಂಬಂಧ ಇಲ್ಲ ಅಂತಾನೆ. ದಾರಿಯಲ್ಲಿ ಬಿದ್ದವನನ್ನು ಸೈನಿಕರು ಹೊಡೆಯುತ್ತಲೇ ಇದ್ದಾಗ ಸಿಮೋನನಿಗೆ ತಡೆಯಲಾಗುವುದಿಲ್ಲ. ನಿಲ್ಲಿಸಿ, ಇಲ್ಲದಿದ್ದರೆ ಒಂದು ಹೆಜ್ಜೆಯೂ ಇಡಲ್ಲ ಅಂತ ಕೂಗುತ್ತಾನೆ. ಶುಭಸಂದೇಶದಲ್ಲಿ ಈ ಮಾತು ಇಲ್ಲ, ಸಿನಿಮಾದವರು ಸೇರಿಸಿದ್ದು. ಸೇರಿಸಿದ್ದರಲ್ಲಿ ಒಳ್ಳೆಯದು ಅಂತ ನಮಗೆ ಕಂಡದ್ದು ಇದು. ಆ ರಾತ್ರಿ ನಾವು ಮಾಡಬೇಕಾಗಿದ್ದದ್ದು ಸಿಮೋನನ ಕೆಲಸ. ಏಟು ತಿಂದವಳಿಗೆ ಸಹನೆಯ ಪಾಠ ಹೇಳುವುದಕ್ಕೆ ಸಂಘ ಬೇಕಾಗಿಲ್ಲ.

ತಾಯಿ ಮರಿಯಮ್ಮನ ಒಂದು ದೃಶ್ಯವನ್ನೂ ಹೇಳದೆ ಹೋಗಬಾರದು. ಮಗ ಶಿಲುಬೆ ಹೊತ್ತು ಬಿದ್ದಾಗ ಅವಳಿಗೆ ಅವನು ಚಿಕ್ಕವನಿದ್ದಾಗ ಎಡವಿ ಬಿದ್ದದ್ದು ನೆನಪಾಗುತ್ತದೆ. ಆಗ ಓಡಿದ ಹಾಗೇ ಈಗಲೂ ಓಡುತ್ತಾಳೆ. ಅಲ್ಲಿ ರಕ್ತಕ್ಕಿಂತ ಆ ಓಟವೇ ಎದೆಗೆ ತಾಗುತ್ತದೆ. ಮಕ್ಕಳನ್ನು ಸಾಕಿದವರು ಯಾರೇ ಆಗಲಿ, ಯಾವ ದೇವರಿಗೆ ಕೈ ಮುಗಿಯುವವರೇ ಆಗಲಿ, ಅಲ್ಲಿ ಕಣ್ಣು ಒದ್ದೆ ಮಾಡಿಕೊಂಡರು.

ಒಂದು ದೊಡ್ಡ ತಕರಾರು ನಮ್ಮದಿದೆ. ಮಗ್ದಲದ ಮರಿಯಳನ್ನು ಈ ಸಿನಿಮಾ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸು ಅಂತ ತೋರಿಸುತ್ತದೆ. ಶುಭಸಂದೇಶದಲ್ಲಿ ಎಲ್ಲಿಯೂ ಹಾಗೆ ಬರೆದಿಲ್ಲ! 591ರಲ್ಲಿ ಜಗದ್ಗುರು ಗ್ರೆಗೊರಿಯವರು ಒಂದು ಪ್ರಬೋಧನೆಯಲ್ಲಿ ಬೇರೆ ಬೇರೆ ಹೆಂಗಸರ ಕಥೆಯನ್ನು ಅವಳೊಬ್ಬಳ ಮೇಲೆ ಹೊರಿಸಿದರು, ಅದು ಸಾವಿರದ ನಾನೂರು ವರ್ಷ ಅವಳ ಬೆನ್ನು ಬಿಡಲಿಲ್ಲ. ಒಬ್ಬ ಹೆಣ್ಣಿಗೆ ಅಂಟಿದ ಮಾತು ಎಷ್ಟು ಕಾಲ ಅಂಟಿಕೊಂಡಿರುತ್ತದೆ ನೋಡಿ, ನಮ್ಮ ಬೀದಿಯಲ್ಲೂ ಹಾಗೇ. 2016ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು. ಸಂತ ಲೂಕರು ಅವಳನ್ನು ಪರಿಚಯಿಸುವ ಕಡೆ ಯೊವಾನ್ನ, ಸುಸನ್ನ ಅನ್ನುವ ಇನ್ನಿಬ್ಬರ ಹೆಸರೂ ಇದೆ. ಈ ಹೆಂಗಸರು ತಮ್ಮ ಸ್ವಂತ ಹಣದಿಂದ ಯೇಸು ಮತ್ತು ಶಿಷ್ಯರ ಖರ್ಚು ನೋಡಿಕೊಳ್ಳುತ್ತಿದ್ದರು ಅಂತ ಬರೆದಿದ್ದಾರೆ. ಕೈಯಲ್ಲಿ ಹಣ ಇದ್ದ, ಅದನ್ನು ಎಲ್ಲಿ ಹಾಕಬೇಕು ಅಂತ ತಾವೇ ತೀರ್ಮಾನಿಸಿದ ಹೆಂಗಸರು. ಅವರ ಮೇಲೆ ಇನ್ನಷ್ಟು ಸಿನಿಮಾಗಳು ಬರಬೇಕು!

ಹಳೆಯ ಎರಡು ಚಿತ್ರಗಳ ಬಗ್ಗೆ ಚಿಕ್ಕದಾಗಿ ಹೇಳ್ತೀವಿ. 1979ರ 'ಜೀಸಸ್' ಲೂಕರ ಶುಭಸಂದೇಶವನ್ನೇ ಹಿಡಿದು ಮಾಡಿದ್ದು. ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಧ್ವನಿ ಕೊಟ್ಟಿದ್ದಾರೆ, ಕನ್ನಡದಲ್ಲೂ ಇದೆ. ನಿಧಾನ, ಆದರೆ ನೇರ. 1978ರ ತೆಲುಗು 'ಕರುಣಾಮಯುಡು' ನಮ್ಮ ಜನಕ್ಕೆ ಇನ್ನೂ ಹತ್ತಿರ. ವಿಜಯಚಂದರ್ ಯೇಸುವಾಗಿ ನಟಿಸಿದ್ದಾರೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ್ದಾರೆ. ನಮ್ಮ ಪೌರಾಣಿಕ ಸಿನಿಮಾಗಳ ಹಾಗೇ ಹಾಡು, ಭಾವ ಎಲ್ಲ ಇದೆ. ಇನ್ನು ಕನಕಪುರದ ಕಡೆ ಹಾರೋಬೆಲೆಯಲ್ಲಿ ಊರಿನವರೇ ಸೇರಿ ಯೇಸುವಿನ ಪಾಡುಗಳ ನಾಟಕವನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಆಡಿಕೊಂಡು ಬಂದಿದ್ದಾರೆ. ನಾಟಕದಲ್ಲಿ ಹೊಡೆಯುವವನೂ ಪಕ್ಕದ ಮನೆಯವನೇ, ಏಟು ತಿನ್ನುವವನೂ ಪಕ್ಕದ ಮನೆಯವನೇ. ಹಾಗಾಗಿ ನೋಡುವವರಿಗೆ ಅದು ದೂರದ ರೋಮಿನ ಕಥೆ ಅನ್ನಿಸುವುದಿಲ್ಲ.

ಈಗ ನಮ್ಮ ಸಂಘಗಳಿಗೆ ಅತಿ ಹತ್ತಿರದ ಚಿತ್ರಕ್ಕೆ ಬರೋಣ. ಹೆಸರು 'ದಿ ಫೇಸ್ ಆಫ್ ದಿ ಫೇಸ್‌ಲೆಸ್', 2023ರ ನವೆಂಬರಿನಲ್ಲಿ ಬಂದ ಹಿಂದಿ ಸಿನಿಮಾ. ನಿರ್ದೇಶಕರು ಶೈಸನ್ ಪಿ. ಔಸೇಪ್, ನಟಿಸಿದವರು ವಿನ್ಸಿ ಅಲೋಷಿಯಸ್. ಸಿಸ್ಟರ್ ರಾಣಿ ಮರಿಯಾ ಅವರ ನಿಜವಾದ ಕಥೆ. 1954ರಲ್ಲಿ ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿದ ಇವರು 1992ರಲ್ಲಿ ಮಧ್ಯಪ್ರದೇಶದ ಉದಯನಗರಕ್ಕೆ ಹೋದರು. ಅಲ್ಲಿನ ಆದಿವಾಸಿ ಕುಟುಂಬಗಳು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದವು. ಸಿಸ್ಟರ್ ಅವರನ್ನು ಗುಂಪು ಕಟ್ಟಿಸಿದರು, ಉಳಿತಾಯ ಕಲಿಸಿದರು, ಬ್ಯಾಂಕಿನ ಸಾಲ ಮತ್ತು ಸರ್ಕಾರದ ಯೋಜನೆಗಳ ದಾರಿ ತೋರಿಸಿದರು. ಸಾಹುಕಾರರ ವ್ಯಾಪಾರ ಕುಸಿಯಿತು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ, ಜನರ ಎದುರೇ, ಸಮಂದರ್ ಸಿಂಗ್ ಅನ್ನುವವನು ಅವರನ್ನು ಇರಿದು ಕೊಂದ. ಮೈಮೇಲೆ 54 ಗಾಯ. ಆಗ ಅವರಿಗೆ 41 ವರ್ಷ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು.

ಯೋಚನೆ ಮಾಡಿ, ನಾವು ವಾರವಾರ ಹತ್ತು ಇಪ್ಪತ್ತು ರೂಪಾಯಿ ಕಟ್ಟಿ, ಸಹಿ ಹಾಕಿ, ಮನೆಗೆ ಹೋಗುವ ಈ ಕೆಲಸವನ್ನು ಹೇಳಿಕೊಟ್ಟಿದ್ದಕ್ಕೆ ಒಬ್ಬ ಹೆಣ್ಣುಮಗಳ ಜೀವ ಹೋಯಿತು.

ಈ ಸಿನಿಮಾದ ಮೇಲೂ ನಮಗೆ ಒಂದು ಗೊಣಗು ಇದೆ. ಸಂಘ ಕಟ್ಟುವುದು ನಿಧಾನದ ಕೆಲಸ. ಬಾರದವರನ್ನು ಕರೆಯೋದು, ಕಟ್ಟದವರ ಮನೆಗೆ ಹೋಗೋದು, ಜಗಳ ಬಿಡಿಸೋದು. ಸಿನಿಮಾಕ್ಕೆ ಅದು ಸಾಲದು, ವಿಲನ್ ಬೇಕು, ಕೊಲೆ ಬೇಕು. ನಮಗಾದರೆ ಆ ನಿಧಾನದ ಕೆಲಸವನ್ನೇ ಇನ್ನಷ್ಟು ನೋಡಬೇಕಿತ್ತು.

ಕೊಂದವನ ವಿಷಯ ಮುಖ್ಯ. ರಾಣಿ ಮರಿಯಾ ಅವರ ತಂಗಿ, ಅವರೂ ಸಿಸ್ಟರೇ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ತಮ್ಮ ಅಂದರು. ಮನೆಯವರೂ ಕ್ಷಮಿಸಿದರು. 2006ರಲ್ಲಿ ಅವನು ಬಿಡುಗಡೆಯಾಗಿ ಕೇರಳಕ್ಕೆ ಹೋಗಿ ತಾಯಿಯ ಕಾಲಿಗೆ ಬಿದ್ದ. ಇದನ್ನು ಕೇಳಿ ಮತ್ತೆ ಯಾರಾದರೂ "ನೋಡಮ್ಮಾ, ಕೊಲೆಗಾರನನ್ನೇ ಕ್ಷಮಿಸಿದರು, ನೀನು ಗಂಡನನ್ನು ಕ್ಷಮಿಸಿ ಮನೆಗೆ ಹೋಗು" ಅಂದಾರು. ತಾಳಿ. ಅವನು ಹನ್ನೊಂದು ವರ್ಷ ಜೈಲಿನಲ್ಲಿದ್ದ. ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡ. ಚಾಕು ಅವನ ಕೈಯಲ್ಲಿ ಇರಲಿಲ್ಲ. ಹೊಡೆಯುವ ಕೈ ಇನ್ನೂ ಎತ್ತಿಕೊಂಡೇ ಇರುವಾಗ ಕ್ಷಮಿಸು ಅಂತ ಹೇಳುವುದು ಬೇರೆ ಮಾತು. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ, 181 ಅನ್ನುವ ಸಹಾಯವಾಣಿ ಇದೆ.

ಇನ್ನು ಹಾಡು. ಈಗ ಎಲ್ಲರ ಫೋನಿನಲ್ಲೂ ಯೂಟ್ಯೂಬ್ ಇದೆ, ಕ್ರೈಸ್ತ ಗೀತೆಗಳು ದಿನಕ್ಕೊಂದು ಬರುತ್ತವೆ. ಬಹಳಷ್ಟರಲ್ಲಿ ಕೀಬೋರ್ಡಿನ ಅಬ್ಬರ ಹೆಚ್ಚು, ಮಾತು ಕಡಿಮೆ. ತಮಿಳು, ತೆಲುಗು ಹಾಡಿನ ರಾಗಕ್ಕೆ ಕನ್ನಡ ತುರುಕಿರುತ್ತಾರೆ, ಪದ ಎಲ್ಲೋ ಒಡೆದು ಎಲ್ಲೋ ನಿಲ್ಲುತ್ತದೆ. ಪೂಜೆಯಲ್ಲಿ ಜನರ ಭಾಷೆಗೆ ಎರಡನೇ ವ್ಯಾಟಿಕನ್ ಮಹಾಸಭೆ ಬಾಗಿಲು ತೆರೆದದ್ದು 1963ರಲ್ಲಿ. ಅದಕ್ಕೂ ನೂರು ವರ್ಷ ಮೊದಲು, 1862ರಲ್ಲಿ, ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದ್ದರು. ಪರದೇಶದವರಿಗೆ ಸಾಧ್ಯವಾದದ್ದು ನಮ್ಮ ಹುಡುಗರಿಗೆ ಯಾಕೆ ಆಗಲ್ಲ? ಕುಣಿಗಲ್ ಕೆರೆಯ ಪದವನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ. ಸೋಬಾನೆಗೆ ಟ್ರ್ಯಾಕ್ ಬೇಕಾಗಿಲ್ಲ. ಕರೆಂಟ್ ಹೋದಾಗಲೂ, ಕಳೆ ಕೀಳುವಾಗಲೂ ಬಾಯಿಗೆ ಬರುವ ಹಾಡು ಯಾವುದು ಅಂತ ನೋಡಿ, ಅದು ನಿಲ್ಲುತ್ತದೆ. ಧರ್ಮ ಯಾವುದು ಅನ್ನೋದು ಅಲ್ಲಿ ಅಡ್ಡ ಬರಲ್ಲ. ಶಬರಿಮಲೆಯಲ್ಲಿ ರಾತ್ರಿ ಬಾಗಿಲು ಮುಚ್ಚುವಾಗ ಕೇಳುವ ದನಿ ಕ್ರೈಸ್ತರಾದ ಯೇಸುದಾಸ್ ಅವರದು ಅಂತ ಇಲ್ಲಿ ಎಲ್ಲರಿಗೂ ಗೊತ್ತಿದೆ.

ರಾಗ ಹೇಗೂ ಇರಲಿ, ಮಾತು ಏನು ಹೇಳ್ತಿದೆ ಅಂತ ಕೇಳಿ. ಲೂಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಮರಿಯಮ್ಮನ ಹಾಡು ಇದೆ. ಗದ್ದುಗೆಯಲ್ಲಿ ಕೂತವರು ಕೆಳಗಿಳಿಯುತ್ತಾರೆ, ಹಸಿದವರ ಹೊಟ್ಟೆ ತುಂಬುತ್ತದೆ, ಸಿರಿವಂತರು ಬರಿಗೈಯಲ್ಲಿ ಹೋಗುತ್ತಾರೆ ಅನ್ನುವ ಅರ್ಥದ ಹಾಡು. ಬಸುರಿ ಹೆಣ್ಣುಮಗಳು ಹಾಡಿದ್ದು! ಅದನ್ನು ನಾವು ಜೋಗುಳದ ಹಾಗೆ ಮೆತ್ತಗೆ ಹಾಡಿ ಮುಗಿಸ್ತೀವಿ. ಮರಿಯಮ್ಮನ ಮೇಲಿನ ಬಹುಪಾಲು ಗೀತೆಗಳಲ್ಲಿ ಅವಳು ಅಳುತ್ತಾಳೆ, ಇಲ್ಲವೇ ಕೈ ಮುಗಿದು ನಿಂತಿರುತ್ತಾಳೆ. ಅವಳದೇ ಹಾಡಿನ ಮಾತನ್ನು ಸೋಬಾನೆ ಧಾಟಿಯಲ್ಲಿ ಒಬ್ಬರು ಹೇಳಿಕೊಟ್ಟು ಎಲ್ಲರೂ ಹಿಡಿಯುವ ಹಾಗೆ ಮಾಡಿ ಅಂತ ಹಾಡು ಕಟ್ಟುವ ಸದಸ್ಯರನ್ನು ಕೇಳಿಕೊಂಡಿದ್ದೇವೆ.

ಮುಂದಿನ ತಿಂಗಳ ಸಭೆಯ ದಿನ ರಾಣಿ ಮರಿಯಾ ಅವರ ಚಿತ್ರ ತೋರಿಸೋಣ. ಹಿಂದಿ ಬರುವ ಒಬ್ಬರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾರೆ. ಬಸ್ಸಿನ ದೃಶ್ಯ ಇರುವುದರಿಂದ ಚಿಕ್ಕ ಮಕ್ಕಳನ್ನು ಕರೆತರಬೇಡಿ. ಉಳಿತಾಯದ ಪುಸ್ತಕವನ್ನು ಮೊದಲೇ ಮುಗಿಸಿಕೊಂಡರೆ ಸಿನಿಮಾ ಆದ ಮೇಲೆ ಒಂದು ಗಂಟೆ ಸಿಗುತ್ತದೆ. ಆ ಒಂದು ಗಂಟೆ ಚಾಪೆ ಸುತ್ತುವುದು ಬೇಡ. ಮೊದಲ ಮಾತು ಯಾರದು ಅಂತ ಕೇಳಿದಾಗ, ಅವತ್ತು ಕಣ್ಣೊರೆಸಿಕೊಂಡು ಮಾತಾಡಿದ ನಮ್ಮ ಸಹೋದರಿಯೇ ತಾನು ಶುರು ಮಾಡ್ತೀನಿ ಅಂತ ಒಪ್ಪಿಕೊಂಡಿದ್ದಾಳೆ.